ಬೆಟ್ಟ ಸುತ್ತಿದರೂ ಪಾಠ ಹೊಳೆಯುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಶಿರಸಿ ಹತ್ತಿರದ ನಮ್ಮ ಊರಿಗೆ ಬಂದಿದ್ದೇನೆ. ಮನೆಯಲ್ಲಿ ಅಪ್ಪಯ್ಯ, ಆಯಿ, ನಾನು. ತೋಟದ ವಿಷಯಕ್ಕೆ ಅಪ್ಪಯ್ಯನಿಗೂ ನನಗೂ ದಿನಾ ಮಾತಿಗೆ ಮಾತು. ನಾನು ಏನಾದರೂ ಹೊಸದು ಮಾಡೋಣ ಅಂದರೆ ಅವರು ಬೇಡ ಅನ್ನುತ್ತಾರೆ. ಬೆಳಿಗ್ಗೆ ಎದ್ದು ಬೆಟ್ಟದ ದಾರಿಯಲ್ಲಿ ಒಂದು ತಾಸು ನಡೆಯುತ್ತೇನೆ. ಮನಸ್ಸು ಹಗುರ ಆಗುವುದು ನಿಜ. ಆದರೆ ಪ್ರಕೃತಿಯಿಂದ ಬದುಕಿನ ಪಾಠ ಕಲಿತೆ ಅಂತ ಎಲ್ಲರೂ ಹೇಳುತ್ತಾರಲ್ಲ, ನನಗೆ ಅಂಥದ್ದೇನೂ ಹೊಳೆಯುವುದಿಲ್ಲ. ವಾಪಸ್ ಬೆಂಗಳೂರಿಗೆ ಹೋಗಬೇಕಾ, ಇಲ್ಲೇ ಇರಬೇಕಾ ಅನ್ನುವುದಕ್ಕೂ ಉತ್ತರ ಸಿಕ್ಕಿಲ್ಲ. ನಡೆಯುವುದರಲ್ಲಿ ನಾನೇನಾದರೂ ತಪ್ಪು ಮಾಡುತ್ತಿದ್ದೇನಾ?

ಉತ್ತರ: ತಪ್ಪೇನೂ ಇಲ್ಲ. ಒಂದು ತಾಸು ನಡೆದು ಮನಸ್ಸು ಹಗುರ ಮಾಡಿಕೊಂಡು ಬರುತ್ತೀರಿ ಅಂದರೆ ನಡಿಗೆ ತನ್ನ ಕೆಲಸ ಮಾಡುತ್ತಿದೆ. ಅದರ ಮೇಲೆ ಪಾಠವೂ ಬೇಕು, ತೀರ್ಮಾನವೂ ಬೇಕು ಅಂತ ನೀವು ಹೊರೆ ಹೊರಿಸಿದ್ದೀರಿ. ಈ ಮೂರೂ ಬೇರೆ ಬೇರೆ. ಮನಸ್ಸು ಹಗುರ ಆಗುವುದು ದಾರಿಯಲ್ಲೇ ಆಗುತ್ತದೆ. ಪಾಠ ಬಂದರೆ ಎಷ್ಟೋ ದಿನ ಕಳೆದ ಮೇಲೆ ಬರುತ್ತದೆ. ತೀರ್ಮಾನಕ್ಕೆ ಮನೆಗೆ ಬಂದು ಕೂರಲೇಬೇಕು. ಮೂರನ್ನೂ ಒಂದೇ ತಾಸಿನಲ್ಲಿ ಕೇಳಿದರೆ ಬೆಟ್ಟ ಪಾಪ ಏನು ಮಾಡೀತು?

ಮೊದಲು ಹಗುರ ಆಗುವ ವಿಷಯ. ಸಮಾಲೋಚನೆಗೆ ಅಂತ ನನ್ನ ಬಳಿ ಬರುವವರಲ್ಲಿ ಜಾಸ್ತಿ ಜನ ಹೇಳುವ ತೊಂದರೆ ಒಂದೇ. ಅವರು ಹಾಗಂದರು, ನಾನು ಹೀಗನ್ನಬೇಕಿತ್ತು ಅಂತ ಯೋಚನೆ ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ. 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರೆಗರಿ ಬ್ರಾಟ್‌ಮನ್ ಮತ್ತು ಅವರ ಜೊತೆಯವರು ಇದನ್ನೇ ಪರೀಕ್ಷಿಸಿ ನೋಡಿದರು. 38 ಜನರಲ್ಲಿ ಅರ್ಧ ಜನರನ್ನು ಮರ, ಹುಲ್ಲು ಇರುವ ಜಾಗದಲ್ಲಿ ನಡೆಸಿದರು. ಉಳಿದವರನ್ನು ವಾಹನ ಓಡಾಡುವ ದೊಡ್ಡ ರಸ್ತೆಯ ಪಕ್ಕ ನಡೆಸಿದರು. ಇಬ್ಬರಿಗೂ 90 ನಿಮಿಷ. ಮರಗಳ ನಡುವೆ ನಡೆದು ಬಂದವರಲ್ಲಿ ಈ ಸುತ್ತುವ ಯೋಚನೆ ಕಡಿಮೆಯಾಗಿತ್ತು. ಅದಕ್ಕೆ ಸಂಬಂಧಪಟ್ಟ ಮಿದುಳಿನ ಒಂದು ಭಾಗದ ಚಟುವಟಿಕೆಯೂ ತಗ್ಗಿತ್ತು. ರಸ್ತೆ ಪಕ್ಕದವರಲ್ಲಿ ಹಾಗೆ ಆಗಲಿಲ್ಲ. ಸಣ್ಣ ಪ್ರಯೋಗ, ಒಂದೇ ಸಲದ ನಡಿಗೆ, ಅದರಿಂದ ಭಾರೀ ಮಾತು ಹೇಳಬಾರದು. ಆದರೂ ನಿಮ್ಮ ಅನುಭವಕ್ಕೆ ಹೊಂದುತ್ತದೆ.

ಹೀಗೇಕೆ ಅನ್ನುವುದಕ್ಕೆ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಎಂಬ ಮನೋವಿಜ್ಞಾನಿ ದಂಪತಿ 1980ರ ದಶಕದಲ್ಲೇ ಒಂದು ವಿವರಣೆ ಕೊಟ್ಟಿದ್ದರು. ನಮ್ಮ ಗಮನದಲ್ಲಿ ಎರಡು ಬಗೆ. ಲೆಕ್ಕ ಬರೆಯುವಾಗ, ಟ್ರಾಫಿಕ್‌ನಲ್ಲಿ ಗಾಡಿ ಓಡಿಸುವಾಗ, ಅಪ್ಪಯ್ಯನಿಗೆ ಎದುರು ಮಾತಾಡದೆ ಹಲ್ಲು ಕಚ್ಚಿ ಕೂತಾಗ ನಾವು ಗಮನವನ್ನು ಒತ್ತಿ ಹಿಡಿಯುತ್ತೇವೆ. ಅದು ದಣಿಯುತ್ತದೆ. ಎಲೆ ಅಲುಗುವುದು, ಹಳ್ಳ ಹರಿಯುವುದು, ತೆರೆ ಬಂದು ಹೋಗುವುದು ತಾವಾಗಿ ಕಣ್ಣು ಸೆಳೆಯುತ್ತವೆ. ಆದರೆ ಪೂರ್ತಿ ಹಿಡಿದಿಡುವುದಿಲ್ಲ. ಆ ಹೊತ್ತಿನಲ್ಲಿ ದಣಿದ ಗಮನ ಸುಧಾರಿಸಿಕೊಳ್ಳುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಯಾರದ್ದೋ ಭಾಷಣ ಕೇಳುತ್ತಾ ನಡೆದರೆ ಈ ಲಾಭ ಅರ್ಧಕ್ಕರ್ಧ ಹೋಯಿತು ಅಂತಲೇ ನನ್ನ ಅಭಿಪ್ರಾಯ. ಅದರಲ್ಲೂ ಪಾಠ ಹೇಳುವ ಭಾಷಣ!

ನಿಮಗೆ ಜಾಸ್ತಿ ಉಪಯೋಗ ಆಗುವ ಇನ್ನೊಂದು ಪ್ರಯೋಗ ಇದೆ. 2014ರಲ್ಲಿ ಮರಿಲಿ ಒಪ್ಪೆಜೊ ಮತ್ತು ಡೇನಿಯಲ್ ಶ್ವಾರ್ಟ್ಜ್ ಎಂಬವರು ನಡೆಯುವಾಗ ಯೋಚನೆ ಹೇಗೆ ಬದಲಾಗುತ್ತದೆ ಅಂತ ನೋಡಿದರು. ಒಂದು ವಸ್ತುವನ್ನು ಎಷ್ಟು ಬಗೆಯಲ್ಲಿ ಬಳಸಬಹುದು ಅಂತ ಕೇಳಿದಾಗ, ಕೂತವರಿಗಿಂತ ನಡೆಯುವವರಿಗೆ ಜಾಸ್ತಿ ಹೊಳೆಯಿತು. ಟ್ರೆಡ್‌ಮಿಲ್ ಮೇಲೆ ಖಾಲಿ ಗೋಡೆ ನೋಡುತ್ತಾ ನಡೆದರೂ ಅಷ್ಟೇ. ಆದರೆ ಒಂದೇ ಸರಿಯುತ್ತರ ಇರುವ ಪ್ರಶ್ನೆ ಕೊಟ್ಟಾಗ ನಡೆಯುವವರು ಸ್ವಲ್ಪ ಹಿಂದೆ ಬಿದ್ದರು. ಗಮನಿಸಿದಿರಾ? ನಡಿಗೆ ದಾರಿಗಳನ್ನು ತೋರಿಸುತ್ತದೆ, ಅದರಲ್ಲಿ ಒಂದನ್ನು ಆರಿಸಿ ಕೊಡುವುದಿಲ್ಲ. ಬೆಂಗಳೂರೋ ಶಿರಸಿಯೋ ಅಂತ ಬೆಟ್ಟದ ಏರಿನಲ್ಲಿ ನಿರ್ಧಾರ ಮಾಡಲು ಹೊರಟರೆ ಅದು ಆಗದ ಕೆಲಸ. ಬೆಂಗಳೂರು, ಶಿರಸಿ ಎರಡೂ ಅಲ್ಲದ ಮೂರನೆಯದು ಏನಾದರೂ ಇದೆಯಾ ಅಂತ ಹೊಳೆಯಬೇಕಾದರೆ ಅದಕ್ಕೆ ಬೆಟ್ಟವೇ ಒಳ್ಳೆಯ ಜಾಗ.

ಇನ್ನು ಪಾಠದ ಮಾತು. ಎಲ್ಲರೂ ಹೇಳುವ ಪಾಠಗಳನ್ನು ಒಮ್ಮೆ ಎದುರಿಗೆ ಇಟ್ಟುಕೊಂಡು ನೋಡಿ. ನದಿಯ ಹಾಗೆ ಹರಿಯುತ್ತಿರಬೇಕು, ನಿಲ್ಲಬಾರದು ಅನ್ನುತ್ತಾರೆ. ಯಾವ ನದಿ? ನಿಮ್ಮ ಶಿರಸಿಯಲ್ಲೇ ಹುಟ್ಟುವ ಅಘನಾಶಿನಿ ಒಂದೂ ಅಣೆಕಟ್ಟಿಲ್ಲದೆ ಕುಮಟಾ ಕಡೆ ಹೋಗಿ ಸಮುದ್ರ ಸೇರುತ್ತದೆ. ಪಕ್ಕದ ಶರಾವತಿಗೆ 1964ರಲ್ಲೇ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದು ನಿಂತಿದ್ದರಿಂದಲೇ ರಾಜ್ಯಕ್ಕೆ ದೀಪ ಬಂತು, ಅದರಿಂದಲೇ ಎಷ್ಟೋ ಊರು ಮುಳುಗಿತು. ಹರಿಯುವುದರಿಂದ ಪಾಠವೋ, ನಿಲ್ಲುವುದರಿಂದ ಪಾಠವೋ?

ದಾಂಡೇಲಿ ಕಡೆಯ ಮಂಗಟ್ಟೆ ಹಕ್ಕಿಯನ್ನು ಆದರ್ಶ ದಂಪತಿ ಅಂತ ತೋರಿಸುವುದನ್ನು ನೀವೂ ನೋಡಿರಬಹುದು. ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಣ್ಣ ಸಂದು ಮಾತ್ರ ಬಿಟ್ಟಿರುತ್ತದೆ. ಗಂಡು ಹಣ್ಣು ತಂದು ಆ ಸಂದಿನಲ್ಲಿ ಕೊಡುತ್ತಾ ಇರುತ್ತದೆ. ನೋಡಲು ಬೆರಗೇ. ಆದರೆ ಇದನ್ನು ಮದುವೆಗೆ ಮಾದರಿ ಮಾಡಿದರೆ ತಿಂಗಳುಗಟ್ಟಲೆ ಒಳಗೆ ಕೂರಬೇಕಾದವರು ಯಾರು ಅಂತ ಮನೆಯ ಹೆಂಗಸರನ್ನು ಒಮ್ಮೆ ಕೇಳಬೇಕು. ಗೋಳಿ ಮರ ನೋಡಿ ಆಸರೆ ಕೊಡುವುದನ್ನು ಕಲಿಯಿರಿ ಅನ್ನುವವರಿದ್ದಾರೆ. ಅದೇ ಗೋಳಿಯ ಬೀಜ ಇನ್ನೊಂದು ಮರದ ಕೊಂಬೆಯ ಮೇಲೆ ಮೊಳೆತು, ಬೇರು ಇಳಿಬಿಟ್ಟು, ಆಸರೆ ಕೊಟ್ಟ ಮರವನ್ನೇ ಬಿಗಿದು ಕೊಲ್ಲುವುದೂ ಉಂಟು. ಪ್ರಕೃತಿಯೇ ತಾಯಿ, ಪ್ರಕೃತಿಯೇ ಗುರು ಅನ್ನುವುದು ಹೇಳಲು ಚೆನ್ನ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ, ಲಾರಿ, ಅಂಗಡಿ ಗಂಗಾವಳಿಯ ಪಾಲಾದವು. ಅಲ್ಲಿನವರ ಮುಂದೆ ಈ ಮಾತು ಹೇಳುವ ಧೈರ್ಯ ನನಗಿಲ್ಲ.

ಕಾಡಿನಲ್ಲಿ ಎಲ್ಲದಕ್ಕೂ ಉದಾಹರಣೆ ಸಿಗುತ್ತದೆ. ಸಹನೆಗೂ ಸಿಗುತ್ತದೆ, ಆತುರಕ್ಕೂ ಸಿಗುತ್ತದೆ. ನೀವು ಮೊದಲೇ ಏನು ನಂಬಿದ್ದೀರೋ ಅದನ್ನೇ ಒಂದು ಮರ ಹೇಳಿತು ಅಂತ ಮನೆಗೆ ಬರಬಹುದು. ಹಾಗಾಗಿ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಹೊಳೆದ ಪಾಠವನ್ನು ತಿರುಗಿಸಿ ನೋಡುತ್ತೇನೆ. ಅದರ ವಿರುದ್ಧದ ಪಾಠವೂ ಅದೇ ಹೊಳೆಯಿಂದ, ಅದೇ ಮರದಿಂದ ಸಿಕ್ಕರೆ, ಅದು ಪಾಠವಲ್ಲ, ನನ್ನದೇ ಅಭಿಪ್ರಾಯ. ಹಾಗಂತ ಬಿಸಾಡಬೇಕಿಲ್ಲ. ನೂರು ಸಂಗತಿಗಳಲ್ಲಿ ಇವತ್ತು ನನ್ನ ಕಣ್ಣು ಇದರ ಮೇಲೇ ಯಾಕೆ ನಿಂತಿತು ಅಂತ ಕೇಳಿಕೊಳ್ಳಬಹುದು. ಅಲ್ಲಿಂದ ನಿಮ್ಮ ಬಗ್ಗೆ ಏನಾದರೂ ತಿಳಿಯುವ ಸಾಧ್ಯತೆ ಜಾಸ್ತಿ.

ನಿಮಗೆ ಪಾಠ ಹೊಳೆಯುತ್ತಿಲ್ಲ ಅನ್ನುವುದನ್ನು ನಾನು ಒಳ್ಳೆಯ ಲಕ್ಷಣ ಅಂತಲೇ ತಿಳಿಯುತ್ತೇನೆ. ಸುಲಭಕ್ಕೆ ಸಿಗುವುದನ್ನು ನೀವು ತೆಗೆದುಕೊಂಡಿಲ್ಲ, ಅಲ್ವಾ?

ಹಾಗಾದರೆ ಏನು ಮಾಡಬೇಕು? ಮೊದಲು ಎದುರಿಗೆ ಇರುವುದು ಏನು, ಅದು ಹಾಗೇಕಿದೆ ಅಂತ ತಿಳಿದುಕೊಳ್ಳಿ. ಪಾಠದ ಗೊಡವೆ ಆಮೇಲೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹೆಸರು ಕೇಳಿರುತ್ತೀರಿ. ಅಲ್ಲಿ ಹಳ್ಳದ ಪಕ್ಕ ವರ್ಷವಿಡೀ ನೀರು ನಿಲ್ಲುವ ಕೆಸರಿನ ಜಾಗಗಳಿವೆ. ನಮ್ಮವರು ರಾಂಪತ್ರೆ ಜಡ್ಡಿ ಅನ್ನುತ್ತಾರೆ. ಕಾಡುಜಾಯಿಕಾಯಿಯ ಜಾತಿಯ ಮರಗಳು ಬೆಳೆಯುವ ಜಾಗ. ಹೊಸಬರು ನೋಡಿದರೆ ಮೊದಲು ಕಾಣುವುದು ಬೇರು. ಕೆಸರಿನಿಂದ ಬೇರು ಮೇಲೆದ್ದು, ಮೊಣಕಾಲು ಮಡಿಸಿದ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿದಿರುತ್ತದೆ. ನೆಲದ ತುಂಬಾ ಅದೇ. ಕೆಲವು ಮರಗಳು ಕಾಂಡದಿಂದ ಊರುಗೋಲಿನಂಥ ಬೇರು ಬಿಟ್ಟು ನಿಂತಿರುತ್ತವೆ. ಇಂಥ ಜಾಗ ಪಶ್ಚಿಮ ಘಟ್ಟದಲ್ಲಿ ಈಗ ಅಲ್ಲಲ್ಲಿ ಚೂರುಚೂರಾಗಿ ಉಳಿದಿದೆ. ಆ ಮರಗಳ ಕಾಯಿಯೊಳಗಿನ ಕೆಂಪು ಪತ್ರೆಗೆ ಮಂಗಟ್ಟೆಗಳೂ ಸಿಂಗಳೀಕಗಳೂ ಬರುತ್ತವೆ.

ಇಲ್ಲಿ ಒಬ್ಬರು ಬಂದು ಕಷ್ಟ ಬಂದರೂ ತಲೆ ಎತ್ತಬೇಕು ಅಂತ ಪಾಠ ಬರೆದುಕೊಂಡು ಹೋಗಬಹುದು. ಅದು ಯಾವ ಬೇರಿಗೂ ಹೊಂದುತ್ತದೆ, ಯಾವ ಗಿಡಕ್ಕೂ ಹೊಂದುತ್ತದೆ. ಈಗ ಸಂಗತಿ ಏನು ಅಂತ ನೋಡೋಣ. ಬೇರಿಗೂ ಉಸಿರು ಬೇಕು. ಸಾಮಾನ್ಯ ಮಣ್ಣಿನಲ್ಲಿ ಕಣಗಳ ನಡುವೆ ಗಾಳಿ ಇರುತ್ತದೆ. ನೀರು ನಿಂತ ಕೆಸರಿನಲ್ಲಿ ಗಾಳಿ ಇಲ್ಲ. ಆದ್ದರಿಂದ ಬೇರಿನ ಒಂದು ಭಾಗ ಮೇಲೆ ಬಂದು ಗಾಳಿ ತೆಗೆದುಕೊಳ್ಳುತ್ತದೆ. ಮರ ಜಾಗ ಬಿಟ್ಟು ಹೋಗಿಲ್ಲ, ಕೆಸರನ್ನು ಒಣಗಿಸಿಯೂ ಇಲ್ಲ. ಉಸಿರಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಹೊರಗಿಟ್ಟಿದೆ.

ಇಷ್ಟು ತಿಳಿದ ಮೇಲೆ ನಿಮ್ಮ ಪತ್ರ ಓದಿದರೆ ನನಗೊಂದು ಪ್ರಶ್ನೆ ಏಳುತ್ತದೆ. ಆ ಮನೆಯಲ್ಲಿ, ಆ ತೋಟದಲ್ಲಿ ನಿಮಗೆ ಉಸಿರು ಬಿಡಲು ಜಾಗ ಎಲ್ಲಿದೆ? ಬೆಳಗಿನ ಆ ಒಂದು ತಾಸು ಬಿಟ್ಟರೆ ನಿಮ್ಮದು ಅನ್ನುವಂಥದ್ದು ಏನಿದೆ? ಅಪ್ಪಯ್ಯನ ಒಪ್ಪಿಗೆ ಬೇಕಿಲ್ಲದ ಹತ್ತು ಗುಂಟೆ ಜಾಗ ಇದೆಯಾ? ನಿಮ್ಮದೇ ಲೆಕ್ಕದ ಪುಸ್ತಕ ಇದೆಯಾ? ಶಿರಸಿ ಪೇಟೆಯಲ್ಲಿ ತೋಟದ ಮಾತಾಡದ ಒಬ್ಬ ಸ್ನೇಹಿತ ಇದ್ದಾನಾ? ಹೀಗೆ ಕೇಳಿಕೊಂಡಾಗ ಬೆಂಗಳೂರೋ ಶಿರಸಿಯೋ ಅನ್ನುವುದು ಪೂರ್ತಿ ಪ್ರಶ್ನೆಯೇ ಅಲ್ಲ ಅನ್ನಿಸಬಹುದು. ಅನ್ನಿಸದೆಯೂ ಇರಬಹುದು. ನಾನು ದೂರದಲ್ಲಿ ಕೂತು ಬರೆಯುತ್ತಿದ್ದೇನೆ. ಆದರೆ ಸರಿಯಾದ ಸಂಗತಿಯಿಂದ ಹೊರಟ ಯೋಚನೆ ಹೀಗೆ ನಿರ್ದಿಷ್ಟವಾದ ಪ್ರಶ್ನೆಯಾಗಿ ನಿಲ್ಲುತ್ತದೆ. ಗೋಡೆಗೆ ಅಂಟಿಸುವ ವಾಕ್ಯ ಆಗುವುದಿಲ್ಲ.

ಕತ್ತಲೆಕಾನಿಗೇ ಹೋಗಿ ಅಂತ ಹೇಳುತ್ತಿಲ್ಲ. ಆ ಕೆಸರಿನಲ್ಲಿ ಜನ ತುಳಿದಾಡಿದರೆ ಸಸಿಗಳು ಸಾಯುತ್ತವೆ. ಹೋಗುವುದಿದ್ದರೂ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಗೊತ್ತಿದ್ದವರ ಜೊತೆ ಹೋಗಿ. ನಿಮ್ಮ ಬೆಟ್ಟವೇ ಸಾಕು.

ಕಡಲ ಕಡೆಯ ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅಘನಾಶಿನಿ ಅಳಿವೆಯ ಹತ್ತಿರದ ಊರಿನ ಒಬ್ಬ ಶಿಕ್ಷಕಿ. ಗಂಡನ ಹತ್ತಿರ ಮನೆಯ ಸಾಲದ ಮಾತು ತೆಗೆದರೆ ಜಗಳ. ಸಂಜೆ ಅಳಿವೆಯ ದಂಡೆಯಲ್ಲಿ ನಡೆಯುತ್ತಿದ್ದರು. ಅಲ್ಲಿ ಬಳಚು (ಕೆಸರಿನಲ್ಲಿ ಸಿಗುವ ಚಿಪ್ಪುಮೀನು) ಆರಿಸುವವರು ಕೆಲವು ದಿನ ಇರುತ್ತಿದ್ದರು, ಕೆಲವು ದಿನ ಇರುತ್ತಿರಲಿಲ್ಲ. ಯಾಕೆ ಅಂತ ಅವರನ್ನೇ ಕೇಳಿದರು. ಇಳಿತ ಇದ್ದಾಗ ಮಾತ್ರ ಕೆಸರಿಗೆ ಇಳಿಯಲು ಬರುತ್ತದೆ, ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಅಂತ ತಿಳಿಯಿತು. ಚಂದ್ರ ಭೂಮಿಯನ್ನು ಸುತ್ತುತ್ತಾ ದಿನಾ ಅಷ್ಟು ಮುಂದೆ ಸರಿಯುತ್ತಾನಲ್ಲ, ಅದಕ್ಕೆ. ಇದನ್ನು ತಿಳಿದು ಅವರಿಗೆ ಆ ಕ್ಷಣ ಏನೂ ಅನ್ನಿಸಲಿಲ್ಲವಂತೆ. ಎರಡು ವಾರ ಕಳೆದ ಮೇಲೆ, ಪಾತ್ರೆ ತೊಳೆಯುವಾಗ, ತಾನು ಸಾಲದ ಮಾತನ್ನು ದಿನಾ ರಾತ್ರಿ ಗಂಡ ದಣಿದು ಬಂದು ಊಟಕ್ಕೆ ಕೂತಾಗಲೇ ತೆಗೆಯುತ್ತಿದ್ದೇನೆ ಅಂತ ಹೊಳೆಯಿತು. ಹೊತ್ತು ಬದಲಿಸಿದರು. ಭಾನುವಾರ ಬೆಳಿಗ್ಗೆ ಮಾತಾಡತೊಡಗಿದರು. ಸಾಲ ತೀರಿತು ಅಂತಲ್ಲ, ಮಾತಾಡಲು ಬಂತು. ಪಾಠ ಅಂದರೆ ಇಷ್ಟು ಚಿಕ್ಕದಿರುತ್ತದೆ. ಬಳಚಿನವರನ್ನು ಕೇಳದೆ, ದಂಡೆಯಲ್ಲಿ ನಿಂತು ಸಮುದ್ರವೇ ನೀನೆಷ್ಟು ದೊಡ್ಡದು ಅಂದಿದ್ದರೆ ಇದು ಸಿಗುತ್ತಿರಲಿಲ್ಲ.

ಇನ್ನೊಂದು ಮಾತು. ಜಾಗ ಬದಲಿಸಬೇಡಿ. ಯಾಣ, ಉಂಚಳ್ಳಿ, ಸಾತೊಡ್ಡಿ, ವಿಭೂತಿ ಅಂತ ವಾರಕ್ಕೊಂದು ಕಡೆ ಹೋಗುವುದು ಪ್ರವಾಸ. ಅದು ಬೇಡ ಅನ್ನುವುದಿಲ್ಲ, ಅದರ ಸಂತೋಷ ಬೇರೆ. ಆದರೆ ಬದಲಾವಣೆ ಕಾಣಬೇಕಾದರೆ ಒಂದೇ ದಾರಿಯನ್ನು ವರ್ಷವಿಡೀ ನೋಡಬೇಕು. ಕಾರವಾರದ ಕಡಲತೀರವನ್ನೇ ತೆಗೆದುಕೊಳ್ಳಿ. ಮಳೆಗಾಲದ ದೊಡ್ಡ ತೆರೆಗಳು ದಂಡೆಯ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ಒಳಗೆ ನೀರಿನಡಿ ದಿಬ್ಬ ಮಾಡಿಡುತ್ತವೆ. ಜುಲೈನಲ್ಲಿ ಹೋದರೆ ದಂಡೆ ಕೊರೆದು ಮೆಟ್ಟಿಲಿನಂತೆ ಆಗಿರುತ್ತದೆ, ಗಾಳಿಮರದ ಬೇರೂ ಕಾಣುತ್ತದೆ. ಮಳೆ ನಿಂತ ಮೇಲೆ ಸಣ್ಣ ತೆರೆಗಳು ಅದೇ ಮರಳನ್ನು ನಿಧಾನಕ್ಕೆ ತಂದು ಹಾಕುತ್ತವೆ. ಬೇಸಿಗೆಗೆ ಮತ್ತೆ ಅಗಲ ದಂಡೆ. ಜುಲೈನಲ್ಲಿ ಮಾತ್ರ ನೋಡಿದವರು ಎಲ್ಲ ಹೋಯಿತು ಅನ್ನುತ್ತಾರೆ. ಜನವರಿಯಲ್ಲಿ ಮಾತ್ರ ನೋಡಿದವರಿಗೆ ಏನಾದರೂ ಹೋಗಿತ್ತು ಅನ್ನುವುದೇ ಗೊತ್ತಿರುವುದಿಲ್ಲ. ಇನ್ನು ಕೆಲವು ಕಡೆ ಮರಳು ಹೋದದ್ದು ಬರುವುದೇ ಇಲ್ಲ, ಅದೂ ನಿಜ. ಎಲ್ಲ ವಾಪಸ್ ಬರುತ್ತದೆ ಅಂತ ಪಾಠ ಮಾಡಿಕೊಳ್ಳುವ ಮೊದಲು ಅದನ್ನೂ ನೋಡಿರಬೇಕು. ನಿಮ್ಮ ಕಡೆಯ ಸಹಸ್ರಲಿಂಗವೂ ಹೀಗೇ. ಶಾಲ್ಮಲಾ ತುಂಬಿ ಹರಿಯುವಾಗ ಹೋದರೆ ಬರೀ ನೀರು. ನೀರು ಇಳಿದ ಮೇಲೆ ಬಂಡೆಬಂಡೆಯಲ್ಲೂ ಲಿಂಗ.

ಕಾರವಾರದ ಆ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರಿಟ್ಟಿರುವುದು ಸುಮ್ನೆ ಅಲ್ಲ. 1880ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಆಸುಪಾಸಿನ ಹುಡುಗ ಅವರು. ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರು. ತಮ್ಮ ಬಂದು ಅಣ್ಣನ ಮನೆಯಲ್ಲಿದ್ದರು. ಕಾಳಿ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋಗಿದ್ದನ್ನು, ಮರಳಿನ ಮೇಲೆ ನಡೆದು ಮನೆಗೆ ಬಂದದ್ದನ್ನು ಆಮೇಲೆ ನೆನೆದಿದ್ದಾರೆ. ಇಲ್ಲಿದ್ದಾಗಲೇ ಒಂದು ನಾಟಕ ಬರೆದರು. ಅದರಲ್ಲೊಬ್ಬ ಸನ್ಯಾಸಿ. ಎಲ್ಲ ನಂಟನ್ನೂ ಕಡಿದುಕೊಂಡು ಪ್ರಕೃತಿಯನ್ನು ಗೆಲ್ಲಲು ಹೊರಟವನು. ಒಬ್ಬ ಪುಟ್ಟ ಹುಡುಗಿಯ ಪ್ರೀತಿ ಅವನನ್ನು ಮತ್ತೆ ಲೋಕಕ್ಕೆ ಎಳೆದು ತರುತ್ತದೆ. ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನ ಮಾತು. ತನ್ನ ಮುಂದಿನ ಬರವಣಿಗೆಗೆಲ್ಲ ಅದೇ ಪೀಠಿಕೆಯಾಗಿತ್ತು, ಮಿತಿಯ ಒಳಗೇ ಮಿತಿಯಿಲ್ಲದ್ದನ್ನು ಕಾಣುವ ಸಂತೋಷವೇ ತನ್ನ ವಸ್ತು ಅಂತ ಅವರು ಹೇಳಿದ್ದು ಐವತ್ತರ ಹೊತ್ತಿಗೆ ಬರೆದ ನೆನಪುಗಳಲ್ಲಿ. ಹತ್ತಿರ ಹತ್ತಿರ ಮೂವತ್ತು ವರ್ಷ! ಅಂಥವರಿಗೇ ಅಷ್ಟು ಹೊತ್ತು ಬೇಕಾಯಿತು. ನೀವು ಮನೆಗೆ ಬಂದು ಕಾಲು ತೊಳೆಯುವ ಹೊತ್ತಿಗೆ ಪಾಠ ಬೇಕು ಅನ್ನುತ್ತೀರಿ.

ಕಾಡಿನಲ್ಲೇ ಬದುಕು ಕಳೆದವರನ್ನು ನೋಡಿ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ಬೀಜಕ್ಕೆ ಯಾವ ತಾಯಿಮರ ಒಳ್ಳೆಯದು, ಅದು ಯಾವಾಗ ಬೀಜ ಬಿಡುತ್ತದೆ, ಆ ಬೀಜವನ್ನು ಹೇಗೆ ಮೊಳೆಸಬೇಕು ಅನ್ನುವುದು ಅವರಿಗೆ ಬಾಯಲ್ಲೇ ಇತ್ತು. 2020ರ ಪದ್ಮಶ್ರೀಯನ್ನು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋಗಿ ತೆಗೆದುಕೊಂಡರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಹೆಸರು ಬಂದಾಗಲೆಲ್ಲ ಜನ ನೆನೆಯುವುದು ಗಿಡ, ಬೀಜ, ಬೇರಿನ ಮಾತನ್ನೇ. ಹಾಗೆಯೇ 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಮರ ಕಡಿಯುವುದನ್ನು ತಡೆಯಲು ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರಲ್ಲ, ಅವರೂ ಒಂದು ಬೆಳಗಿನ ನಡಿಗೆಯಲ್ಲಿ ಸ್ಫೂರ್ತಿ ಪಡೆದವರಲ್ಲ. ಸೊಪ್ಪಿಗೆ, ನೀರಿಗೆ, ಜೇನಿಗೆ ಅಂತ ಆ ಕಾಡಿನಲ್ಲಿ ಓಡಾಡಿಕೊಂಡೇ ಇದ್ದವರು. ಏನು ಕಡಿಮೆಯಾಗುತ್ತಿದೆ ಅಂತ ಅವರಿಗೆ ಗೊತ್ತಿತ್ತು.

ಇಂಥ ಒಬ್ಬರು ನಿಮ್ಮ ಮನೆಯಲ್ಲೇ ಇದ್ದಾರೆ. ನಿಮ್ಮ ಅಪ್ಪಯ್ಯ.

ನೀವು ಬೆಟ್ಟ ಅಂದದ್ದು ಸೊಪ್ಪಿನ ಬೆಟ್ಟವೇ ಇರಬೇಕು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲೇ ನಮ್ಮ ಜಿಲ್ಲೆಯಲ್ಲಿ ಬಿಟ್ಟುಕೊಟ್ಟದ್ದು. ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಅಲ್ಲಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ತೋಟಕ್ಕೆ. ಅಲ್ಲಿನ ಒಂದು ಮತ್ತಿ ಮರದ ಹತ್ತಿರ ನಿಂತು ನೋಡಿ. ಸೊಪ್ಪು ಕಡಿದು ಕಡಿದು ಕೊಂಬೆಗಳೆಲ್ಲ ಗಂಟುಗಂಟಾಗಿ, ಪ್ರತಿ ಗಂಟಿನಿಂದಲೂ ಹೊಸ ಚಿಗುರು ಗೊಂಚಲಾಗಿ ಬಂದಿರುತ್ತದೆ. ಆ ಗಂಟುಗಳಲ್ಲಿ ಕೆಲವು ನಿಮ್ಮ ಅಪ್ಪಯ್ಯನ ಕತ್ತಿಯವು. ಇನ್ನು ಕೆಲವು ಅಜ್ಜನವು ಇರಬಹುದು. ಪೂರ್ತಿ ಕಡಿದರೆ ಮರ ಸಾಯುತ್ತದೆ, ಕಡಿಯದಿದ್ದರೆ ಸೊಪ್ಪು ಕೈಗೆ ಸಿಗದಷ್ಟು ಮೇಲೆ ಹೋಗುತ್ತದೆ. ಎಷ್ಟು ಬಿಡಬೇಕು, ಯಾವ ವರ್ಷ ಯಾವ ಮರಕ್ಕೆ ರಜೆ ಕೊಡಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ. ನೀವು ದಿನಾ ಆ ಮರದ ಪಕ್ಕವೇ ಪಾಠ ಹುಡುಕುತ್ತಾ ಹೋಗುತ್ತಿದ್ದೀರಿ.

ವಾರಕ್ಕೆ ಒಂದು ದಿನ ಅವರನ್ನು ಜೊತೆಗೆ ಕರೆಯಿರಿ. ವಾಕಿಂಗ್ ಅಂದರೆ ಬರಲಿಕ್ಕಿಲ್ಲ, ಕೆಲಸವಿಲ್ಲದೆ ಬೆಟ್ಟ ಸುತ್ತುವುದು ಅವರಿಗೆ ವಿಚಿತ್ರ ಅನ್ನಿಸಬಹುದು. ಬೇಲಿ ನೋಡಿ ಬರೋಣ, ಹಳ್ಳ ದಾಟುವ ಸಂಕ ಗಟ್ಟಿ ಇದೆಯಾ ನೋಡೋಣ, ಹಳ್ಳದ ಪಕ್ಕದ ಅಪ್ಪೆಮರ ಈ ವರ್ಷ ಹೂ ಬಿಟ್ಟಿದೆಯಾ ನೋಡೋಣ ಅನ್ನಿ. ಅಲ್ಲಿ ತೋಟದ ಜಗಳ ತೆಗೆಯಬೇಡಿ. ಈ ಮರ ಯಾರು ನೆಟ್ಟದ್ದು, ಈ ಹಳ್ಳ ಮೊದಲು ಯಾವ ತಿಂಗಳವರೆಗೆ ಹರಿಯುತ್ತಿತ್ತು ಅಂತ ಕೇಳಿ. ನನ್ನ ಕೆಲಸದಲ್ಲಿ ಬಹಳ ಸಲ ಕಂಡ ಸಂಗತಿ ಇದು. ಎದುರುಬದುರು ಕೂತರೆ ಬಾಯಿ ಬಿಡದ ಅಪ್ಪ-ಮಗ ಅಕ್ಕಪಕ್ಕ ನಡೆಯುವಾಗ ಮಾತಾಡುತ್ತಾರೆ. ಇಬ್ಬರ ಕಣ್ಣೂ ದಾರಿಯ ಮೇಲಿರುತ್ತದೆ, ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಮಾತು ನಿಂತರೂ ಮುಜುಗರ ಇಲ್ಲ, ನಡೆಯುವುದು ಇದ್ದೇ ಇದೆ.

ಉಳಿದ ದಿನ ಒಬ್ಬರೇ ನಡೆಯಿರಿ. ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಮನೆಗೆ ಬಂದು ಒಂದೆರಡು ಸಾಲು ಬರೆದರೆ ಸಾಕು. ಏನು ಕಂಡಿತು ಅಂತ ಒಂದು ಸಾಲು. ಆ ಹೊತ್ತಿನಲ್ಲಿ ತಲೆಯಲ್ಲಿ ಏನಿತ್ತು ಅಂತ ಇನ್ನೊಂದು. ಎರಡಕ್ಕೂ ಸಂಬಂಧ ಕಟ್ಟಬೇಡಿ. ತಿಂಗಳು ಕಳೆದ ಮೇಲೆ ಒಟ್ಟಿಗೆ ಓದಿ ನೋಡಿ. ಏನು ಪದೇ ಪದೇ ಬಂದಿದೆ ಅಂತ ನಿಮಗೇ ಕಾಣುತ್ತದೆ. ಕಾಣದಿದ್ದರೆ ಬಿಟ್ಟುಬಿಡಿ, ಮರದ ಹೆಸರಾದರೂ ಗೊತ್ತಾಯಿತಲ್ಲ.

ನಡೆಯುವವರು ಜಾಗ್ರತೆಯನ್ನೂ ತಿಳಿದಿರಬೇಕು. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಈ ಜ್ವರ ನಮ್ಮ ಜಿಲ್ಲೆಯಲ್ಲೂ, ಅದರಲ್ಲೂ ಸಿದ್ದಾಪುರದ ಕಡೆ, ಜೀವ ತೆಗೆದಿದೆ. ಉಣುಗಿನಿಂದ ಹರಡುತ್ತದೆ. ದರಕಿನ ಮೇಲೆ ಕೂರಬೇಡಿ. ಪೂರ್ತಿ ಕಾಲು ಮುಚ್ಚುವ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಿ. ಮಳೆಗಾಲದ ಉಂಬಳ (ಜಿಗಣೆ) ಬರೀ ಕಿರಿಕಿರಿ, ಅದಕ್ಕೆ ಹೆದರಬೇಕಿಲ್ಲ. ಆದರೆ ಜೋರು ಮಳೆ ಹಿಡಿದ ವಾರ ಕಡಿದ ಗುಡ್ಡದ ಬುಡದಲ್ಲಿ ನಡೆಯಬೇಡಿ.

ನಡಿಗೆಗೂ ಮಿತಿ ಇದೆ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸೆ ಉಳಿಯದಿದ್ದರೆ ಬೆಟ್ಟ ಸಾಕಾಗುವುದಿಲ್ಲ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ನಿಮ್ಮ ದೊಡ್ಡ ಪ್ರಶ್ನೆ. ಇರುವುದೋ, ಹೋಗುವುದೋ? ಇದಕ್ಕೆ ಮನೆಯ ಜಗಲಿಯಲ್ಲಿ ಕೂತು ಲೆಕ್ಕ ಮಾಡಿ. ತೋಟಕ್ಕೆ ವರ್ಷಕ್ಕೆ ಏನು ಬರುತ್ತದೆ, ಮದ್ದು ಹೊಡೆಸಲು, ಅಡಿಕೆ ಕೊನೆ ಕೊಯ್ಲಿಗೆ ಏನು ಹೋಗುತ್ತದೆ, ಕೊಳೆರೋಗ ಬಂದ ವರ್ಷ ಎಷ್ಟು ಉಳಿಯುತ್ತದೆ, ಬೆಂಗಳೂರಿಗೆ ಹೋದರೆ ಇಲ್ಲಿ ಯಾರನ್ನು ಇಡುತ್ತೀರಿ, ಊರಲ್ಲೇ ಇದ್ದು ಹಳೆಯ ಕೆಲಸವನ್ನು ಸ್ವಲ್ಪ ಮಾಡಲು ಬರುತ್ತದಾ, ಇಂಟರ್ನೆಟ್ ಹೇಗಿದೆ. ಬೆಟ್ಟದಲ್ಲಿ ಹೊಳೆದ ಮೂರನೇ ದಾರಿ, ನಾಲ್ಕನೇ ದಾರಿ ಇದ್ದರೆ ಅದನ್ನೂ ಹಾಳೆಗೆ ಇಳಿಸಿ. ಅಪ್ಪಯ್ಯನನ್ನು ಕೂರಿಸಿಕೊಳ್ಳಿ. ಆಯಿಯನ್ನೂ ಕರೆಯಿರಿ. ಮನೆಯಲ್ಲಿ ಆಯಿ ಇದ್ದಾರೆ ಅಂತ ಬರೆದಿದ್ದೀರಿ, ಅವರಿಗೆ ಏನು ಬೇಕು ಅನ್ನುವುದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.